ಬಾಗಿಲ ಸಂದು

ಟೊಲೀಡೊದಲ್ಲಿ ಫೆಬ್ರವರಿ. ರಸ್ತೆಗೆ ಚೆಲ್ಲಿದ ಉಪ್ಪು
ಕಾರುಗಳ ಹೊಟ್ಟೆ ತಿನ್ನುವ ತಿಂಗಳು.
ಸರ್ವಿಸ್ ಕೌಂಟರಿನ ಹಿಂದೆ ನಾನು,
ಎದುರಿಗೆ ಸಾಲು: ಕೈಗವಸು ಕಳಚಿ
ಕೀಲಿಕೈ ಚಾಚಿದವರು.
ಮೂಲೆಯಲ್ಲಿ ತೂಗುಹಾಕಿದ ಟೀವಿಯೊಳಗೆ
ಬ್ರಾಂಟನ್ ಮೋಟಾರ್ಸಿನ ಹೊಸ ಅಧ್ಯಕ್ಷರು
ಕೋಟು ತೆಗೆದು, ಅಂಗಿಯ ತೋಳು ಮೇಲೇರಿಸಿ
'ಗುಣಮಟ್ಟ' ಅನ್ನುತ್ತಿದ್ದಾರೆ.
ಎರಡು ನಿಮಿಷಕ್ಕೆ ಹನ್ನೊಂದು ಸಲ. ಎಣಿಸಿದ್ದೇನೆ,
ರಸೀತಿಯ ಬೆನ್ನ ಮೇಲೆ ಗೆರೆ ಎಳೆದು.

ಹಿಂದಿನವರು ಹದಿನಾಲ್ಕು ಸಲ ಅಂದಿದ್ದರು.
ಅವರಿಗೂ ಹಿಂದಿನವರು ಅನ್ನಲಿಲ್ಲ, ಅತ್ತರು.
ಸುಳ್ಳೇಕೆ, ನನಗೂ ಗಂಟಲು ಕಟ್ಟಿತ್ತು.
ಆ ವರ್ಷವೇ ಮೂರನೆಯ ಗೇರು
ಜನರ ಕೈಗೆ ಕಳಚಿ ಬಂದದ್ದು.
ಬಣ್ಣದ ಮಾತಿಗೆ ಎರಡೆರಡು ಕೋಟು,
ಬಾಗಿಲ ಕೆಳಗಿನ ತಗಡಿಗೆ ಒಂದೂ ಇಲ್ಲ.
ಮೂಗಿಗೆ ತುಪ್ಪ ಸವರಲು ಬಲ್ಲವರಿಗೆ
ತುಕ್ಕಿಗೊಂದು ತೊಟ್ಟು ಎಣ್ಣೆ ಬಿಡಲು
ಯಾಕೆ ಬಾರದೋ.

ಪಿಯಾನೊ ಕಲಿಸುವ ಓಡೆಟ್ ಪ್ರೂಯಿಟ್ ಬಂದಿದ್ದಾಳೆ,
ನಾಲ್ಕನೆಯ ಸಲ.
'ಕಿಟಕಿ ಇಳಿಯಿತು, ಏರಲಿಲ್ಲ.
ಕಂಬಳಿ ಹೊದ್ದು ಡೆಟ್ರಾಯಿಟ್ ಮುಟ್ಟಿದೆ.
ಇನ್ನು ಆ ಬಾಗಿಲ ಕಿರುಗು ಕೇಳು, ಹೀಗೆ' ಎಂದು
ಕಣ್ಣು ಮುಚ್ಚಿ, ಮೂಗಿನಲ್ಲೇ ಹಾಡಿ ತೋರಿಸುತ್ತಾಳೆ.
ತಪ್ಪದ ಶ್ರುತಿ. ಸಾಲಿನಲ್ಲಿದ್ದವರು ತಲೆದೂಗುತ್ತಾರೆ.
ನಾನು ಬರೆದುಕೊಳ್ಳುತ್ತೇನೆ:
'ಗಿರಾಕಿಯ ಹೇಳಿಕೆಯಂತೆ, ಸದ್ದು.'
ಹಾಗೇ ಬರೆಯಬೇಕು, ಕಂಪನಿಯ ಕಟ್ಟಪ್ಪಣೆ.
ಸದ್ದು ಇದೆ ಅನ್ನುವ ಹಾಗಿಲ್ಲ.
ಸರಿ. ಅಧ್ಯಕ್ಷರ ಹೇಳಿಕೆಯಂತೆ, ಇನ್ನು ಮೇಲೆ ಇಲ್ಲ.

ಅಪ್ಪ, ಲಾಯೋಶ್ ಕೆರೆಕೆಶ್,
ಮೂವತ್ತೊಂದು ವರ್ಷ ಅದೇ ಕಾರ್ಖಾನೆಯ ಕೊನೆಯ ತಪಾಸಣೆಯಲ್ಲಿ ನಿಂತವನು.
ಬಾಗಿಲ ಸಂದಿಗೆ ಒಂದು ನಾಣ್ಯ ತೂರಿಸಿ
ಮೇಲಿಂದ ಕೆಳಗೆ ಎಳೆಯುತ್ತಿದ್ದ.
ಸಿಕ್ಕಿಕೊಳ್ಳಬಾರದು, ಉದುರಬಾರದು.
ಉದುರಿದರೆ ಸೀಮೆಸುಣ್ಣದಲ್ಲಿ ಅಡ್ಡಗೀಟು.
ರಾತ್ರಿ ಪಾಳಿಯಲ್ಲಿ ಯಾರೋ ಚಿಂದಿಯಿಂದ ಒರೆಸಿ
ಕಾರನ್ನು ರೈಲು ಹತ್ತಿಸುತ್ತಿದ್ದರು.
ಬೆಳಿಗ್ಗೆ ಮತ್ತೆ ಗೀಟು, ರಾತ್ರಿ ಮತ್ತೆ ಚಿಂದಿ.
ಅಪ್ಪನ ಪ್ಯಾಂಟುಗಳ ಬಲಜೇಬು ಒಗೆದಷ್ಟೂ ಬೆಳ್ಳಗೇ ಇತ್ತು.

ಈಗ ಅವನಿಗೆ ಕಾಗದ ಬಂದಿದೆ, ದಪ್ಪ ಹಾಳೆ:
'ಹಿರಿಯ ಕಣ್ಣುಗಳು ನಮಗೆ ಬೇಕು.'
ಗುರುವಾರ ಕಾರು ಕಳಿಸಿದರು, ಬೇರೆ ಕಂಪನಿಯದು.
ಬಿಳಿ ಕೋಟು ತೊಡಿಸಿದರು, ಹೆಸರು ಹೊಲಿದದ್ದು,
ಒಂದಕ್ಷರ ತಪ್ಪಿ.
ಬಾಗಿಲ ಮೇಲೆ ಕೈಯಿಟ್ಟು ನಗಿ ಅಂದರು.
ಜೇಬಿಂದ ಸುಣ್ಣದ ತುಂಡು ತೆಗೆದಾಗ ಒಬ್ಬ ಹುಡುಗಿ
ಬಲು ನಯವಾಗಿ ಅದನ್ನು ಈಸಿಕೊಂಡಳಂತೆ:
'ಬೇಡಿ ಸರ್, ಹೊಸ ಬಣ್ಣಕ್ಕೆ ಕಲೆಯಾಗುತ್ತೆ.'

ಎಲೆಕೋಸಿನ ಸುರುಳಿ ಬಡಿಸುತ್ತಾ ಕೇಳಿದೆ,
'ಹೇಗಿದೆ ಹೊಸ ಮಾಡೆಲ್ಲು?'
'ಫೋಟೊ ಚೆನ್ನಾಗಿ ಬಂತು' ಅಂದ.
ತಟ್ಟೆಯ ಅಂಚಿನಲ್ಲಿ ಬ್ರೆಡ್ಡು ಒತ್ತಿ, ತುಂಬ ಹೊತ್ತಾದ ಮೇಲೆ,
ದೂರು ಕೊಡುವವನ ದನಿಯಲ್ಲಿ:
'ಎಡಗಡೆಯಿಂದ ಮೂರನೆಯ ಕಾರು.
ಹಿಂಬಾಗಿಲು.
ನಾಣ್ಯ ಎಳೆದೆ, ಅವರು ದೀಪ ಹೊಂದಿಸುತ್ತಿದ್ದಾಗ.
ಉದುರಲಿಲ್ಲ.'
'ಮಿಕ್ಕವು?'
ಅಪ್ಪ ಉಪ್ಪು ಕೇಳಿದ.

ಯಾರೋ ಒಬ್ಬರು, ಯಾವ ಪಾಳಿಯವರೋ,
ಟೀವಿ ನೋಡದೆ, ಮೇಲಿನವರ ಮಾತು ಕೇಳದೆ
ಆ ಒಂದು ಬಾಗಿಲನ್ನು ಕೂರಿಸಿದ್ದಾರೆ.
ಅವರ ಹೆಸರನ್ನು ಯಾರೂ ಹನ್ನೊಂದು ಸಲ ಹೇಳುವುದಿಲ್ಲ.

ಏಪ್ರಿಲಿನಲ್ಲಿ ಓಡೆಟ್ ಫೋನು ಮಾಡಿದಳು.
ಸದ್ದು ನಿಂತಿದೆಯಂತೆ, ಪೂರ್ತಿ.
'ಕಂಪನಿ ಸುಧಾರಿಸಿತು ಅನ್ನು' ಎಂದು ನಕ್ಕಳು.
ಅಪ್ಪನಿಗೆ ಹೇಳಿದೆ.
ಕಿಟಕಿಯಾಚೆ ಕರಗಿದ ಹಿಮದ ನೀರು
ಬೀದಿಯ ಉಪ್ಪನ್ನೆಲ್ಲ ತೊಳೆದು ಮೊಮೀ ನದಿಗೆ ಒಯ್ಯುತ್ತಿತ್ತು.
'ಚಳಿ ಬಿಟ್ಟಿದೆ, ರಬ್ಬರು ಹಿಗ್ಗಿದೆ' ಅಂದ,
'ಬರುವ ಫೆಬ್ರವರಿಗೆ ಕೇಳು.'